ಹೊಡೆಯತಕ್ಕ ಜಿಂಕೆ, ಬಿಡತಕ್ಕ ಜಿಂಕೆ

ಶೀನಪ್ಪನವರು ತಮ್ಮ ಐವತ್ತನಾಲ್ಕು ವರ್ಷಗಳಲ್ಲಿ ಕೊಂದ ಪ್ರಾಣಿಗಳ ಪಟ್ಟಿಯನ್ನು ಬಸ್ ಟಿಕೆಟಿನ ಹಿಂಬದಿಯಲ್ಲಿ ಬರೆದು ಮುಗಿಸಬಹುದು. ಊರಿನಲ್ಲಿ ಒಂದಷ್ಟು ಸೊಳ್ಳೆಗಳು, ದುಬೈಯಲ್ಲಿ ಹನ್ನೊಂದು ಜಿರಳೆಗಳು. ಜಿರಳೆಗಳನ್ನು ಕೂಡ ಹೆಂಡತಿ ಪ್ರಫುಲ್ಲಾ ಎರಡೆರಡು ಸಲ ಹೇಳಿದ ಮೇಲೆ, ಕಣ್ಣು ಮುಚ್ಚಿಕೊಂಡು. ಸಿಲಿಕಾನ್ ಓಯಸಿಸ್ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಬಂಗುಡೆ ಮೀನು ಸೀಳುವುದು ಸಹ ಪ್ರಫುಲ್ಲಾ ಅವರ ಪಾಲಿನ ಕೆಲಸ. ಇಂಥ ಮನುಷ್ಯ ಯಾವ ಜಿಂಕೆಯನ್ನು ಹೊಡೆಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಪು ಕೊಡುವ ಪಂಡಿತರಾದದ್ದು ಹೇಗೆ ಎಂದು ಕೇಳಿದರೆ, ತಪ್ಪು ತನ್ನದಲ್ಲ, ಆಫೀಸಿನ ಹನ್ನೊಂದು ಗಂಟೆಯ ಚಹಾದ್ದು ಎಂದು ಅವರು ಇವತ್ತಿಗೂ ನಂಬಿದ್ದಾರೆ.

ಆಫೀಸು ಜುಮೇರಾ ಲೇಕ್ ಟವರ್ಸ್‌ನ ಇಪ್ಪತ್ತಮೂರನೇ ಮಹಡಿಯಲ್ಲಿ. ದೊಡ್ಡ ಕಟ್ಟಡಗಳಿಗೆ ತಣ್ಣೀರಿನ ಕೊಳವೆ ಹಾಕುವ ಕಂಪೆನಿ. ಶೀನಪ್ಪನವರು ಅಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಬಂದ ನಕ್ಷೆಗೆ ನಂಬರು ಹಾಕುವುದು, ಹೋಗುವ ಪತ್ರಕ್ಕೆ ಸೀಲು ಹೊಡೆಯುವುದು, ಉತ್ತರ ಬಾರದವರಿಗೆ ಮತ್ತೆ ಮತ್ತೆ ನೆನಪಿಸುವುದು. ಇಪ್ಪತ್ತೆರಡು ವರ್ಷ ಅವರು ಪಾಲಿಸಿಕೊಂಡು ಬಂದ ಧರ್ಮ ಒಂದೇ: ಹಳೆಯದು ಮೊದಲು. ಬಾಕಿ ಬಿದ್ದ ಕಾಗದಗಳಲ್ಲಿ ಅತಿ ಹಳೆಯದನ್ನು ಮೊದಲು ವಿಲೇವಾರಿ ಮಾಡಬೇಕು, ಹೊಸದು ಕಾಯಬೇಕು. ಈ ಒಂದು ಸೂತ್ರದಿಂದ ಅವರು ನಾಲ್ಕು ಮ್ಯಾನೇಜರುಗಳನ್ನೂ ಎರಡು ಕಂಪ್ಯೂಟರ್ ವ್ಯವಸ್ಥೆಗಳನ್ನೂ ದಾಟಿ ಬಂದಿದ್ದರು.

ಆದರೆ ದೀಪಾವಳಿಯಿಂದೀಚೆಗೆ ಒಂದು ಗಾಳಿಮಾತು ಕೆಟ್ಟ ವಾಸನೆಯಂತೆ ಆಫೀಸಿನಲ್ಲಿ ಸುಳಿದಾಡುತ್ತಿತ್ತು. ಅವರ ವಿಭಾಗದಲ್ಲಿದ್ದದ್ದು ಮೂರೇ ಜನ: ಶೀನಪ್ಪನವರು, ನಾಲ್ಕು ವರ್ಷದ ಹಿಂದೆ ಕೊನೆಯವನಾಗಿ ಸೇರಿದ ಮಂಗಳೂರು ಕುಲಶೇಖರದ ಲೆಸ್ಟರ್, ಇಬ್ಬರು ಸಣ್ಣ ಮಕ್ಕಳ ತಾಯಿ ಸ್ಟೇಸಿ. ಮೂರರಲ್ಲಿ ಒಬ್ಬರನ್ನು ತೆಗೆಯುತ್ತಾರಂತೆ. ಗಲ್ಫಿನಲ್ಲಿ ಕೆಲಸ ಹೋಗುವುದೆಂದರೆ ಕೆಲಸ ಮಾತ್ರ ಹೋಗುವುದಲ್ಲ. ಅಪ್ಪನ ವೀಸಾ ರದ್ದಾದರೆ ಅದಕ್ಕೆ ಜೋತುಬಿದ್ದ ಹೆಂಡತಿ ಮಕ್ಕಳ ವೀಸಾವೂ ಉದುರುತ್ತದೆ. ಮಗಳು ಅಕ್ಷಿತಾ ಹನ್ನೆರಡನೇ ತರಗತಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪರೀಕ್ಷೆ. ನಡುವೆ ಮಂಗಳೂರಿಗೆ ಗಂಟುಮೂಟೆ ಕಟ್ಟಬೇಕಾಗಿ ಬಂದರೆ ಹುಡುಗಿಯ ಒಂದು ವರ್ಷ ಮಣ್ಣುಪಾಲು. ಶೀನಪ್ಪನವರು ಬೆಳಿಗ್ಗೆ ಮೆಟ್ರೋದಲ್ಲಿ ನಿಂತು ಇದನ್ನೇ ಯೋಚಿಸುತ್ತಿದ್ದರು, ಸಂಜೆ ಅದೇ ಮೆಟ್ರೋದಲ್ಲಿ ಮುಂದುವರಿಸುತ್ತಿದ್ದರು.

ಅಷ್ಟರಲ್ಲಿ ಜನರಲ್ ಮ್ಯಾನೇಜರ್ ಮೆಕ್‌ರೇ ಸಾಹೇಬರು ರಜೆ ಮುಗಿಸಿ ಅಮೆರಿಕದಿಂದ ಬಂದರು. ಆರೂಕಾಲಡಿ ಎತ್ತರ, ಮೆದು ಮಾತು, ಪ್ರತಿ ವರ್ಷ ನವೆಂಬರಿನಲ್ಲಿ ತಮ್ಮ ಊರಿನ ಗುಡ್ಡಕ್ಕೆ ಹೋಗಿ ಒಂದು ಜಿಂಕೆ ಹೊಡೆದು ಬರುವ ಮನುಷ್ಯ. ‘ಕೊಂದೆ’ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ‘ಕೊಯ್ಲು ಮಾಡಿದೆ’ ಎನ್ನುತ್ತಿದ್ದರು, ಜಿಂಕೆ ಭತ್ತದ ಗದ್ದೆಯಲ್ಲಿ ಬೆಳೆದಂತೆ. ಚಹಾದ ಹೊತ್ತಿಗೆ ಅವರು ಪ್ಯಾಂಟ್ರಿಗೆ ಬಂದು ಮೊಬೈಲಿನಲ್ಲಿ ಮೂರು ಚಿತ್ರ ತೋರಿಸಿದರು. ಒಂದು, ಮರದ ಕೊಂಬೆಯಂಥ ಕೋಡುಗಳ ಭರ್ಜರಿ ಗಂಡು. ಇನ್ನೊಂದು, ಮರಿಯ ಜೊತೆ ನಿಂತ ಹೆಣ್ಣು. ಮೂರನೆಯದು ಹೊಟ್ಟೆ ಜೋತುಬಿದ್ದ, ಬೆನ್ನು ತಗ್ಗಿದ, ಒಂದು ಕೋಡು ಅರ್ಧಕ್ಕೇ ನಿಂತ ಮುದಿ ಗಂಡು.

“ನೀವಾಗಿದ್ದರೆ ಯಾವುದನ್ನು ಹೊಡೆಯುತ್ತಿದ್ದಿರಿ?” ಎಂದು ಸಾಹೇಬರು ಇಂಗ್ಲಿಷಿನಲ್ಲಿ ಕೇಳಿದರು.

ಎಲ್ಲರ ಬೆರಳೂ ದೊಡ್ಡ ಕೋಡಿನ ಮೇಲೆ ಬಿತ್ತು. ಲೆಸ್ಟರ್ ಅಂತೂ “ಸೂಪರ್ ಪೀಸ್ ಸರ್” ಎಂದ. ಶೀನಪ್ಪನವರ ಸರದಿ ಬಂದಾಗ ಅವರಿಗೆ ಜಿಂಕೆಯ ಬಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಮೂರು ಬಾಕಿ ಕಡತಗಳನ್ನು ಮುಂದಿಟ್ಟರೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಮುದಿಯನ ಮೇಲೆ ಬೆರಳಿಟ್ಟರು. “ಹಳೆಯದು ಮೊದಲು, ಸರ್. ಹೊಸದು ಕಾಯಲಿ. ಮುಂದಿನ ವರ್ಷ ನೋಡಿದರಾಯಿತು.”

ಸಾಹೇಬರು ಕಪ್ಪು ಕೆಳಗಿಟ್ಟರು. ಅವರು ನಿಜಕ್ಕೂ ಹೊಡೆದದ್ದು ಅದೇ ಮುದಿಯನನ್ನು. ದೊಡ್ಡ ಕೋಡಿಗೆ ಆಸೆಪಡದೆ, ಮರಿ ಸಾಕುವ ಹೆಣ್ಣನ್ನು ಮುಟ್ಟದೆ, ತನ್ನ ಕಾಲ ಮುಗಿಸಿದವನನ್ನು ಆರಿಸುವುದು ನಿಜವಾದ ಬೇಟೆಗಾರನ ಲಕ್ಷಣವಂತೆ. ಹದಿನೈದು ವರ್ಷ ದುಬೈಯಲ್ಲಿದ್ದು ಇದನ್ನು ತಿಳಿದ ಒಬ್ಬನನ್ನೂ ಅವರು ಕಂಡಿರಲಿಲ್ಲವಂತೆ.

“ಇದನ್ನು ನಿಮಗೆ ಯಾರು ಕಲಿಸಿದರು, ಶೀನಪ್ಪ?”

‘ನಮ್ಮ ಫೈಲಿಂಗ್ ಪದ್ಧತಿ ಸರ್’ ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಪ್ಪತ್ತೆರಡು ವರ್ಷಗಳಲ್ಲಿ ಒಬ್ಬ ಜನರಲ್ ಮ್ಯಾನೇಜರ್ ಅವರ ಹೆಸರನ್ನು ಸರಿಯಾಗಿ ಉಚ್ಚರಿಸಿದ್ದು ಅದೇ ಮೊದಲು. ಅದೂ ಯಾರನ್ನೋ ತೆಗೆಯುವ ಸುದ್ದಿ ಇರುವಾಗ. ಶೀನಪ್ಪನವರ ಎದೆ ತಾನಾಗಿಯೇ ಎರಡಂಗುಲ ಮುಂದೆ ಬಂತು.

“ನನ್ನ ಅಜ್ಜ, ಸರ್. ನಮ್ಮದು ಬೇಟೆಗಾರರ ಮನೆತನ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸತ್ಯವೇನೆಂದರೆ ಅಜ್ಜ ಬೇಟೆಗೆ ಹೋಗುತ್ತಿದ್ದದ್ದು ಹೌದು, ಆದರೆ ಕೋವಿ ಹಿಡಿದಲ್ಲ, ತಗಡಿನ ಡಬ್ಬ ಹಿಡಿದು. ಊರವರು ಹಂದಿ ಬೇಟೆಗೆ ಹೊರಟಾಗ ಪೊದೆಯ ಆಚೆ ನಿಂತು ಡಬ್ಬ ಬಡಿದು ಬೊಬ್ಬೆ ಹೊಡೆಯುವ ಗುಂಪಿನಲ್ಲಿ ಅವರೊಬ್ಬರು. ಹಂದಿ ಕಂಡರೆ ಎಲ್ಲರಿಗಿಂತ ಮೊದಲು ಮರ ಹತ್ತುತ್ತಿದ್ದವರೂ ಅವರೇ.

ಅಂದಿನಿಂದ ಶೀನಪ್ಪನವರಿಗೆ ಸಾಹೇಬರ ಕ್ಯಾಬಿನ್ನಿನಲ್ಲಿ ದಿನಾ ಚಹಾ. ಸಾಹೇಬರು ಹಳೆಯ ಚಿತ್ರಗಳನ್ನು ಒಂದೊಂದಾಗಿ ತೋರಿಸಿ “ಇದು?” ಎನ್ನುವುದು, ಇವರು ಕನ್ನಡಕ ಮೂಗಿನ ತುದಿಗೆ ಇಳಿಸಿ “ಬೇಡ ಸರ್, ಇದಕ್ಕೆ ಇನ್ನೂ ಎರಡು ವರ್ಷ ಕೊಡಿ” ಎನ್ನುವುದು. ಮೆಟ್ರೋದಲ್ಲಿ ವಿಡಿಯೋ ನೋಡಿ ನಾಲ್ಕು ಲಕ್ಷಣ ಕಲಿತರು: ಕತ್ತು ದಪ್ಪಗಾಗಿದೆಯೇ, ಬೆನ್ನು ತಗ್ಗಿದೆಯೇ, ಮೂತಿಯ ಕೂದಲು ನೆರೆತಿದೆಯೇ, ಕೋಡು ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆಯೇ. “ಬೆಳೆಯುವುದು ನಿಂತಿತೋ, ಮತ್ತೆ ತಡಮಾಡಬಾರದು ಸರ್. ಮುಂದಿನ ಚಳಿಯಲ್ಲಿ ನರಳಿ ಸಾಯುವ ಬದಲು ಒಂದೇ ಏಟಿಗೆ ಹೋಗುವುದು ಅದಕ್ಕೂ ಮರ್ಯಾದೆ” ಎಂಬ ವಾಕ್ಯವನ್ನಂತೂ ಅವರು ಸ್ವತಃ ರಚಿಸಿದರು. ಸಾಹೇಬರು ಅದನ್ನು ಡೈರಿಯಲ್ಲಿ ಬರೆದುಕೊಂಡರು. ಬೇಟೆಯ ಗೆಳೆಯನನ್ನು ಯಾವ ಸಾಹೇಬನೂ ಮನೆಗೆ ಕಳಿಸುವುದಿಲ್ಲ ಎಂಬ ಧೈರ್ಯ ಶೀನಪ್ಪನವರಿಗೆ ಬಂತು, ರಾತ್ರಿ ನಿದ್ದೆಯೂ ಬರತೊಡಗಿತು.

ಲೆಸ್ಟರ್ ಈ ಸುದ್ದಿಯನ್ನು ಬಸುರಿ ಹೆಂಡತಿ ಮೆಲಿಸ್ಸಾಗೆ ಹೇಳಿದ. ಮೆಲಿಸ್ಸಾ ಅದನ್ನು ಆಸ್ಪತ್ರೆಯಲ್ಲಿ ನರ್ಸ್ ಡೆಲ್ಫಿನ್ ಬಾಯಿಗೆ ಹೇಳಿದಳು. ಡೆಲ್ಫಿನ್ ಬಾಯಿ ಶೀನಪ್ಪನವರ ಎದುರಿನ ಫ್ಲ್ಯಾಟಿನವರು. ಸುದ್ದಿ ಹೀಗೆ ಊರು ಸುತ್ತಿ ಮನೆಗೆ ಬರುವಾಗ ತುಸು ಬೆಳೆದಿತ್ತು.

“ಪ್ರಫುಲ್ಲಕ್ಕಾ, ನಿಮ್ಮವರು ಜಿಂಕೆ ಹೊಡೀಲಿಕ್ಕೆ ಹೋಗುದಂತೆ ಅಲ್ವಾ? ನಂಗೆ ಒಂದೆರಡು ಕೆಜಿ ಬೇಕು ಮಾರಾಯ್ರೆ. ಫ್ರೀಜರಲ್ಲಿ ಜಾಗ ಮಾಡಿಟ್ಟಿದ್ದೇನೆ. ಕ್ರಿಸ್ಮಸ್‌ಗೆ ಸುಕ್ಕ ಮಾಡುವ ಅಂತ.”

“ನಮ್ಮವರಾ?” ಎಂದರು ಪ್ರಫುಲ್ಲಾ. “ಜಿರಳೆ ಕಂಡ್ರೆ ಸೋಫಾ ಹತ್ತುವವರು.”

“ಹಾಗೆ ತೋರಿಸಿಕೊಳ್ಳುದು. ಒಳ್ಳೆ ಬೇಟೆಗಾರರು ಮನೆಯಲ್ಲಿ ಸೈಲೆಂಟ್ ಇರ್ತಾರಂತೆ. ತೊಡೆಯ ಭಾಗ ನಂಗೆ, ಮರೀಬೇಡಿ.”

ಆ ಸಂಜೆ ಪ್ರಫುಲ್ಲಾ ಗಂಡನನ್ನು ಕೇಳಿದರು. ಶೀನಪ್ಪನವರು ನಿಜ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಏಳನೇ ತರಗತಿಯ ಮಗ ಶ್ರವಣ್ ಟ್ಯಾಬ್‌ನಿಂದ ತಲೆಯೆತ್ತಿ “ಪಪ್ಪಾ, ಯು ಆರ್ ಎ ಹಂಟರ್? ಸೀರಿಯಸ್ಲೀ?” ಎಂದ. ಮಗ ಟ್ಯಾಬ್‌ನಿಂದ ತಲೆಯೆತ್ತಿ ಅಪ್ಪನ ಮುಖ ನೋಡಿದ್ದು ಎಷ್ಟು ತಿಂಗಳಾಗಿತ್ತೋ. ಶೀನಪ್ಪನವರು “ಆಯ್ಕೆ ಮುಖ್ಯ ಮಗಾ, ಗುಂಡಲ್ಲ” ಎಂದು ಬಿಟ್ಟರು.

ಮರುದಿನ ಅಬುಧಾಬಿಯಿಂದ ಭಾವನ ಫೋನು. ಪ್ರಫುಲ್ಲಾ ಅವರ ಅಣ್ಣ ಭುಜಂಗ ಅಲ್ಲಿನ ಖಾಲಿದಿಯಾದಲ್ಲಿ ಟೈಪಿಂಗ್ ಸೆಂಟರ್ ಇಟ್ಟುಕೊಂಡವರು. ವೀಸಾ, ಲೈಸೆನ್ಸು, ಬಾಡಿಗೆ ಕರಾರು, ಯಾವ ಅರ್ಜಿಯಾದರೂ ಅರಬಿಯಲ್ಲಿ ಟೈಪು ಮಾಡಿಸಿಕೊಡುತ್ತಿದ್ದರು. ಹಾಗಾಗಿ ಈ ದೇಶದ ಎಲ್ಲ ಕಾನೂನೂ ತನಗೆ ಗೊತ್ತೆಂಬುದು ಅವರ ತೀರ್ಮಾನ.

“ಭಾವ, ನಿಮಗೆ ತಲೆ ಸರಿ ಉಂಟಾ? ಇಲ್ಲಿ ಮರುಭೂಮಿಯ ಜಿಂಕೆ ಮುಟ್ಟಿದ್ರೆ ಖಲಾಸ್. ಜೈಲು, ಮತ್ತೆ ಏರ್‌ಪೋರ್ಟು. ಬೇಟೆ ಎಂತದಕ್ಕೆ? ಲುಲು ಮಾರ್ಕೆಟಿನಲ್ಲಿ ಕುರಿ ಸಿಗುದಿಲ್ವಾ?”

“ನಾನು ಎಲ್ಲಿಗೂ ಹೋಗುದಿಲ್ಲ ಭಾವ. ಯಾವುದನ್ನು ಹೊಡೀಬಹುದು ಅಂತ ಸಾಹೇಬರಿಗೆ ಹೇಳುದು ಅಷ್ಟೇ.”

“ಓ, ಕನ್ಸಲ್ಟೆಂಟಾ?” ಭುಜಂಗರ ಧ್ವನಿ ತಕ್ಷಣ ಬದಲಾಯಿತು. “ಅದನ್ನು ಮೊದಲೇ ಹೇಳ್ಬಾರ್ದಾ. ಅದಕ್ಕೆ ಸಪರೇಟ್ ಪರ್ಮಿಟ್ ಬೇಕು. ನಾನು ಮಾಡಿಸಿಕೊಡ್ತೇನೆ. ಎರಡು ಫೋಟೋ ಕಳಿಸಿ, ಬಿಳಿ ಬ್ಯಾಕ್‌ಗ್ರೌಂಡ್.”

ಜನವರಿಯಲ್ಲಿ ಅಬುಧಾಬಿಯ ಒಂದು ದೊಡ್ಡ ಸಭಾಂಗಣದಲ್ಲಿ ಬೇಟೆ ಮತ್ತು ಗಿಡುಗಗಳ ಪ್ರದರ್ಶನ ಬಂತು. ಮೆಕ್‌ರೇ ಸಾಹೇಬರು ಶನಿವಾರ ಶೀನಪ್ಪನವರನ್ನು ಕುಟುಂಬ ಸಮೇತ ಆಹ್ವಾನಿಸಿದರು. ಭುಜಂಗ ಕರೆಯದೆಯೇ ಬಂದರು, ಫೈಲು ಹಿಡಿದುಕೊಂಡು. ಗಿಡುಗಗಳು ಕಣ್ಣಿಗೆ ಟೋಪಿ ಹಾಕಿಸಿಕೊಂಡು ಸಾಲಾಗಿ ಕೂತಿದ್ದವು. ಅಕ್ಷಿತಾ ಒಂದು ಮೂಲೆಯಲ್ಲಿ ರಸಾಯನಶಾಸ್ತ್ರದ ನೋಟ್ಸ್ ಓದುತ್ತಿದ್ದಳು. ಪ್ರಫುಲ್ಲಾ ಒಂಟೆ ಹಾಲಿನ ಚಾಕೊಲೇಟಿನ ರುಚಿ ನೋಡಿ, “ಇದಕ್ಕಿಂತ ನಮ್ಮ ಹಾಲುಬಾಯಿ ಒಳ್ಳೇದು” ಎಂದು ಮಾರುವವನಿಗೇ ಹಿಂದಿಯಲ್ಲಿ ತಿಳಿಸುತ್ತಿದ್ದರು.

ನಡುವೆ ಒಂದು ಮಳಿಗೆ. ಗೋಡೆಯಷ್ಟು ದೊಡ್ಡ ಪರದೆ, ಮೇಜಿನ ಮೇಲೆ ಬೆಳಕು ಬಿಡುವ ಸುಳ್ಳು ಕೋವಿ. ಪರದೆಯ ಮೇಲೆ ಕಾಡಿನಿಂದ ಒಂದೊಂದೇ ಜಿಂಕೆ ಹೊರಬರುತ್ತದೆ; ತಕ್ಕದ್ದನ್ನು ಆರಿಸಿ ಒಂದೇ ಒಂದು ಗುಂಡು ಹಾರಿಸಬೇಕು. ಯಾವುದನ್ನು ಆರಿಸಿದಿರಿ ಎಂಬುದಕ್ಕೇ ಹೆಚ್ಚು ಅಂಕ. ಸಾಹೇಬರು ಶೀನಪ್ಪನವರ ಭುಜ ಹಿಡಿದು ಅಲ್ಲಿ ನಿಲ್ಲಿಸಿದರು. ಸುತ್ತ ಹತ್ತಿಪ್ಪತ್ತು ಜನ ಸೇರಿದರು. ಮುಂದಿನ ಸಾಲಿನಲ್ಲಿ ಕಂದೂರ ಎಂಬ ಬಿಳಿ ನಿಲುವಂಗಿ ತೊಟ್ಟ ಒಬ್ಬ ವೃದ್ಧ ಅರಬರು ಕುರ್ಚಿ ಎಳೆದುಕೊಂಡು ಕೂತರು.

ಕೋವಿ ಶೀನಪ್ಪನವರ ಕೈಗೆ ಬಂತು. ಮೊದಲನೆಯ ಜಿಂಕೆ ಬಂತು. ಗುಂಡು ಹಾರಲು ಕೋವಿಯ ಕುದುರೆ ಒತ್ತಬೇಕೆಂದು ಗೊತ್ತು, ಕುದುರೆ ಎಲ್ಲಿದೆಯೆಂದು ಗೊತ್ತಿಲ್ಲ. ಹುಡುಕುತ್ತಿರುವಾಗ ಜಿಂಕೆ ಹೋಯಿತು. ಎರಡನೆಯದು, ದೊಡ್ಡ ಕೋಡಿನದು, ಬಂತು, ಸುತ್ತ ನೋಡಿತು, ಹೋಯಿತು. ಮಳಿಗೆಯವನು “ಯಲ್ಲಾ, ಯಲ್ಲಾ” ಎಂದು ಅವಸರಪಡಿಸಿದ. ಮೂರನೆಯದು ಮರಿಯ ಜೊತೆ ಬಂದಾಗ ಶೀನಪ್ಪನವರು ಕೋವಿಯ ತಪ್ಪು ಭಾಗವನ್ನು ಒತ್ತುತ್ತಿದ್ದರು. ನಾಲ್ಕನೆಯದೂ ಹೋಯಿತು. ಜನ ಪಿಸುಗುಟ್ಟತೊಡಗಿದರು. ಸಾಹೇಬರು ಮಾತ್ರ ಉಸಿರು ಬಿಗಿಹಿಡಿದು ನಿಂತಿದ್ದರು.

ಕೊನೆಗೆ ಒಂದು ಮುದಿ ಗಂಡು ಕುಂಟುತ್ತಾ ಬಂದು ನಡುವೆ ನಿಂತಿತು. ಶೀನಪ್ಪನವರ ಬೆರಳು ಅಂತೂ ಕುದುರೆಗೆ ಸಿಕ್ಕಿತ್ತು, ಆದರೆ ಒತ್ತಲು ಮನಸ್ಸು ಬರಲಿಲ್ಲ. ಅದರ ಮುಖದಲ್ಲಿ ಏನೋ ಪರಿಚಯದ ಕಳೆ ಇತ್ತು. ಅದೇ ಹೊತ್ತಿಗೆ ಭುಜಂಗ ಹಿಂದಿನಿಂದ ಬೆನ್ನಿಗೊಂದು ತಟ್ಟಿ, “ಭಾವ, ಪಾರ್ಕಿಂಗ್ ಟೈಮ್ ಮುಗೀತಾ ಬಂತು” ಎಂದರು. ಕೋವಿ ಢಂ ಎಂದಿತು. ಮುದಿ ಗಂಡು ಮುಗ್ಗರಿಸಿತು. ಪರದೆಯ ಮೇಲೆ ಚಿನ್ನದ ಅಕ್ಷರಗಳಲ್ಲಿ ನೂರಕ್ಕೆ ನೂರು ಎಂದು ಬಂತು.

ವೃದ್ಧ ಅರಬರು ಎದ್ದುಬಂದು ಶೀನಪ್ಪನವರ ಕೈ ಕುಲುಕಿ, “ಸಬರ್, ಸಬರ್” ಎಂದರು. ತಾಳ್ಮೆ, ತಾಳ್ಮೆ. ಶ್ರವಣ್ ವಿಡಿಯೋ ಮಾಡಿದ್ದ. ಮೆಕ್‌ರೇ ಸಾಹೇಬರ ಕಣ್ಣು ಒದ್ದೆಯಾಗಿತ್ತು.

“ನಾಲ್ಕನ್ನು ಬಿಟ್ಟಿರಿ, ಶೀನಪ್ಪ,” ಎಂದರು. “ನಾಲ್ಕನ್ನು ಬಿಡುವ ಧೈರ್ಯ ಎಷ್ಟು ಜನರಿಗಿದೆ? ಸೋಮವಾರ ಹತ್ತಕ್ಕೆ ನನ್ನ ಕ್ಯಾಬಿನ್ನಿಗೆ ಬನ್ನಿ. ನಿಮ್ಮಂಥ ಕಣ್ಣು ಬೇಕಾದ ಒಂದು ಕೆಲಸ ಇದೆ.”

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ಭುಜಂಗರ ವಂಶಗುಣ. ದಾರಿಯಲ್ಲೇ ಅವರು, “ಇದು ಪ್ರಮೋಷನ್. ಬರೆದಿಟ್ಟುಕೊಳ್ಳಿ” ಎಂದು ಘೋಷಿಸಿದರು. ಭಾನುವಾರ ಟೈಪಿಂಗ್ ಸೆಂಟರಿನಲ್ಲಿ ಇನ್ನೂರು ವಿಸಿಟಿಂಗ್ ಕಾರ್ಡು ಅಚ್ಚಾದವು: ಶೀನಪ್ಪ, ಮ್ಯಾನೇಜರ್. ಪ್ರಫುಲ್ಲಾ ಊರಿನ ಅತ್ತಿಗೆಗೆ ಫೋನು ಮಾಡಿ, “ಇನ್ನೂ ಯಾರಿಗೂ ಹೇಳ್ಬೇಡಿ” ಎಂದು ಹೇಳಿದರು. ಅಂದರೆ ಸಂಜೆಯೊಳಗೆ ಮೂಲ್ಕಿಯಿಂದ ಉಡುಪಿಯವರೆಗೆ ತಿಳಿಯಲಿ ಎಂದು ಅರ್ಥ. ಡೆಲ್ಫಿನ್ ಬಾಯಿ ಕ್ರಿಸ್ಮಸ್‌ಗೆ ಬಾರದ ಮಾಂಸವನ್ನು ಕ್ಷಮಿಸಿ, ಒಂದು ಕೇಕು ಮಾಡಿಟ್ಟರು. ಇಷ್ಟು ಜನ ಇಷ್ಟು ಗಟ್ಟಿಯಾಗಿ ನಂಬಿದ ಮೇಲೆ ತಾನೊಬ್ಬ ನಂಬದಿರುವುದು ಅಹಂಕಾರವಾದೀತೆಂದು ಶೀನಪ್ಪನವರೂ ನಂಬಿದರು. ಸೋಮವಾರ ಅವರು ತಮ್ಮ ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡು ಹೊರಟರು.

ಕ್ಯಾಬಿನ್ನಿನಲ್ಲಿ ಸಾಹೇಬರ ಪಕ್ಕ ಎಚ್.ಆರ್. ವಿಭಾಗದ ಝುಲೈಖ ಮೇಡಂ ಕೂತಿದ್ದರು. ಉಳ್ಳಾಲದವರು, ಶೀನಪ್ಪನವರಿಗೆ ಚೆನ್ನಾಗಿ ಪರಿಚಯ. ಇವತ್ತು ಮಾತ್ರ ಅವರು ಮುಖ ತಗ್ಗಿಸಿಕೊಂಡು ಕನ್ನಡದಲ್ಲಿ ಮೆಲ್ಲನೆ ಹೇಳಿದರು: “ಶೀನಣ್ಣ, ಇವತ್ತು ಕಡಿಮೆ ಮಾತಾಡಿ. ಕೇಳಿದ್ದಕ್ಕೆ ‘ಗೊತ್ತಿಲ್ಲ’ ಅಂತ ಹೇಳಿಬಿಡಿ, ಸಾಕು.”

ಪ್ರಮೋಷನ್ ಸಿಗುವ ದಿನ ಗೊತ್ತಿಲ್ಲ ಎನ್ನುವವನು ಎಂಥ ಮ್ಯಾನೇಜರ್? ಶೀನಪ್ಪನವರು ನಕ್ಕು ಕೋಟಿನ ಗುಂಡಿ ಹಾಕಿದರು.

ಸಾಹೇಬರು ಗಂಟಲು ಸರಿಮಾಡಿಕೊಂಡರು. “ಹೆಡ್ ಆಫೀಸಿನಿಂದ ಆದೇಶ ಬಂದಿದೆ. ನಿಮ್ಮ ವಿಭಾಗದಲ್ಲಿ ಒಬ್ಬರನ್ನು ತೆಗೆಯಬೇಕು. ಎರಡು ವಾರದಿಂದ ನನಗೆ ಊಟ ಸೇರುತ್ತಿಲ್ಲ. ಯಾರನ್ನು ಆರಿಸಲಿ? ಯಾವ ಲೆಕ್ಕದಿಂದ? ಶನಿವಾರ ನೀವು ಕೋವಿ ಹಿಡಿದು ನಿಂತದ್ದನ್ನು ನೋಡಿದೆ. ಆರಿಸಲು ತಿಳಿದವರು ಇಡೀ ಕಂಪೆನಿಯಲ್ಲಿ ನೀವೊಬ್ಬರೇ. ನೀವು ಯಾರ ಹೆಸರು ಹೇಳುತ್ತೀರೋ ಅದಕ್ಕೆ ನಾನು ಸಹಿ ಹಾಕುತ್ತೇನೆ.”

ಮೇಜಿನ ಮೇಲೆ ಮೂರು ಹಾಳೆ ಸಾಲಾಗಿ ಇಟ್ಟರು. ಪ್ರತಿಯೊಂದಕ್ಕೂ ವೀಸಾದ ಬಿಳಿ ಹಿನ್ನೆಲೆಯ ಫೋಟೋ. ಲೆಸ್ಟರ್. ಸ್ಟೇಸಿ. ಶೀನಪ್ಪ.

ತಾನು ಆರಿಸುವವನು ಎಂಬ ಹೆಮ್ಮೆಯಲ್ಲೇ ಶೀನಪ್ಪನವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. ಮೂರನೆಯ ಫೋಟೋ ನೋಡಿದರು. ದಪ್ಪ ಕತ್ತು. ನೆರೆತ ಮೀಸೆ. ಹಾಳೆಯ ಕೆಳಗೆ ಸೇವೆ ಇಪ್ಪತ್ತೆರಡು ವರ್ಷ, ಕೊನೆಯ ಬಡ್ತಿ ಒಂಬತ್ತು ವರ್ಷದ ಹಿಂದೆ. ಬೆಳೆಯುವುದು ನಿಂತಿತ್ತು.

“ಸರ್,” ಎಂದರು, “ನಮ್ಮ ಕಡೆ ಇನ್ನೊಂದು ಪದ್ಧತಿಯೂ ಇದೆ. ಕೆಲವು ಸಲ ಮುದಿ ಜಿಂಕೆಯನ್ನು ಹೊಡೆಯುವುದಿಲ್ಲ. ನೀರಿನ ಜಾಗ ಗೊತ್ತಿರುವುದು ಅದಕ್ಕೆ ಮಾತ್ರ. ಅದು ಹೋದರೆ ಹಿಂಡಿಗೆ ಹಿಂಡೇ ದಾರಿ ತಪ್ಪುತ್ತದೆ.”

ಸಾಹೇಬರು ಬಲು ಪ್ರಾಮಾಣಿಕ ಮನುಷ್ಯ. ಡೈರಿ ತೆರೆದು ಓದಿದರು. “‘ನರಳಿ ಸಾಯುವ ಬದಲು ಒಂದೇ ಏಟಿಗೆ ಹೋಗುವುದು ಅದಕ್ಕೂ ಮರ್ಯಾದೆ.’ ಡಿಸೆಂಬರಿನಲ್ಲಿ ನೀವು ಹೇಳಿದ್ದು. ಆದರೆ ನಿಮ್ಮ ಇವತ್ತಿನ ಮಾತೂ ಸರಿಯಿರಬಹುದು. ಹಾಗಾದರೆ ಉಳಿದ ಇಬ್ಬರಲ್ಲಿ ಯಾರು? ಹೇಳಿಬಿಡಿ.”

ಝುಲೈಖ ಮೇಡಂ ಶೀನಪ್ಪನವರನ್ನೇ ನೋಡುತ್ತಿದ್ದರು. “ಗೊತ್ತಿಲ್ಲ ಅಂತ ಹೇಳಿ, ಶೀನಣ್ಣ,” ಎಂದು ಮತ್ತೆ ಕನ್ನಡದಲ್ಲಿ ಹೇಳಿದರು. “ಆಗ ಕಾಯಿದೆ ಪ್ರಕಾರ ಹೊಸಬರಿಂದ ಶುರು ಮಾಡ್ತೇವೆ. ನಿಮ್ಮ ಬಾಯಿಂದ ಹೋದ ಹಾಗೆ ಆಗುದಿಲ್ಲ.”

ಹೊಸಬ ಎಂದರೆ ಲೆಸ್ಟರ್. ಗಾಜಿನ ಆಚೆ ಅವನು ಕಾಣುತ್ತಿದ್ದ, ಶೀನಪ್ಪನವರ ಮೇಜಿಗೆ ಬಂದ ನಕ್ಷೆಗಳಿಗೆ ತಾನೇ ಸೀಲು ಹೊಡೆಯುತ್ತಾ. ಬೆಳಿಗ್ಗೆ ಕೋಟು ನೋಡಿ, “ಅಂಕಲ್, ಮ್ಯಾನೇಜರ್ ಆದ್ಮೇಲೆ ನಮ್ಮನ್ನು ಮರೀಬೇಡಿ” ಎಂದಿದ್ದ. ಮೆಲಿಸ್ಸಾಗೆ ಎಂಟು ತಿಂಗಳು ತುಂಬಿತ್ತು. ಸ್ಟೇಸಿಯ ಚಿಕ್ಕದು ಇನ್ನೂ ಬಾಟಲಿ ಬಿಟ್ಟಿರಲಿಲ್ಲ. ‘ಗೊತ್ತಿಲ್ಲ’ ಎಂಬುದು ಮೂರಕ್ಷರದ ಮಾತು, ಅದನ್ನು ಆಡಲು ನಾಲಿಗೆಗೆ ಎಷ್ಟು ಶ್ರಮ? ಶೀನಪ್ಪನವರು ಎರಡು ಸಲ ಪ್ರಯತ್ನಿಸಿದರು. ಎರಡು ಸಲವೂ ಕಣ್ಣು ಗಾಜಿನ ಆಚೆಗೇ ಹೋಯಿತು. ಸುಳ್ಳು ಬೇಟೆಗಾರನಾಗಿ ಎರಡು ತಿಂಗಳು ಸುಲಭವಾಗಿ ಬದುಕಿದವರಿಗೆ ಈ ಒಂದು ಸಣ್ಣ ಸುಳ್ಳು ಕೈಕೊಟ್ಟದ್ದು ವಿಚಿತ್ರವೇ.

ಅವರ ಬೆರಳು ನಿಧಾನವಾಗಿ ಹೋಗಿ ಮೂರನೆಯ ಹಾಳೆಯ ಮೇಲೆ ನಿಂತಿತು.

“ಹಳೆಯದು ಮೊದಲು, ಸರ್.”

ಸಾಹೇಬರು ಎದ್ದು ನಿಂತು, “ನಿಮ್ಮ ಅಜ್ಜ ಇದ್ದಿದ್ದರೆ ಹೆಮ್ಮೆಪಡುತ್ತಿದ್ದರು” ಎಂದರು. ಝುಲೈಖ ಮೇಡಂ ಪೆನ್ನಿನ ಕ್ಯಾಪು ತೆಗೆದು ದಿನಾಂಕ ತುಂಬಲು ಬಾಗಿದರು: ತಿಂಗಳ ಕೊನೆ. ತಿಂಗಳ ಕೊನೆ ಎಂದರೆ ಜನವರಿ. ಅಕ್ಷಿತಾಳ ಪರೀಕ್ಷೆ ಶುರುವಾಗುವುದೇ ಫೆಬ್ರವರಿಯಲ್ಲಿ.

ಶೀನಪ್ಪನವರು ಆ ಪೆನ್ನು ನೋಡಿದರು. ಮಗಳ ಪರೀಕ್ಷೆ ಇದೆ ಎಂದು ಕೈಮುಗಿದು ಕೇಳಬಹುದಿತ್ತು. ಆದರೆ ಇಂಥ ಕೋರಿಕೆಗಳಿಗೆ ಹೆಡ್ ಆಫೀಸಿನಿಂದ ಬರುವ ಉತ್ತರ ಅವರಿಗೆ ಬಾಯಿಪಾಠ. ಇಪ್ಪತ್ತೆರಡು ವರ್ಷ ಅಂಥವಕ್ಕೆ ನಂಬರು ಹಾಕಿದವರು ಅವರೇ. ಅವರು ಬೆನ್ನು ನೆಟ್ಟಗೆ ಮಾಡಿ ಕೂತರು.

“ತಡೆಯಿರಿ, ಸರ್. ಈಗ ಹೊಡೆಯುವ ಹಾಗಿಲ್ಲ.”

“ಯಾಕೆ?”

“ಸೀಸನ್ ಮುಗಿದಿದೆ.” ಶೀನಪ್ಪನವರ ಧ್ವನಿ ಗುರುಗಳ ಧ್ವನಿಯಂತಿತ್ತು. “ಆಯ್ಕೆ ಆದ ಕೂಡಲೇ ಗುಂಡು ಹಾರಿಸುವವನು ಕಟುಕ, ಬೇಟೆಗಾರನಲ್ಲ. ಮರಿಗಳು ಸ್ವಂತ ಕಾಲ ಮೇಲೆ ನಿಲ್ಲುವ ತನಕ ಕಾಡಿಗೆ ಕಾಲಿಡಬಾರದು. ನಿಮ್ಮ ಗುಡ್ಡದಲ್ಲಿ ಈಗ ಹೊಡೆಯುತ್ತೀರಾ, ಸರ್? ಜನವರಿಯಲ್ಲಿ?”

ಸಾಹೇಬರ ಮುಖ ಕೆಂಪಾಯಿತು. ನಿಷೇಧದ ತಿಂಗಳಲ್ಲಿ ಕೋವಿ ಎತ್ತಿದವನೆಂಬ ಮಾತು ಅವರ ಏಳು ತಲೆಮಾರಿನಲ್ಲಿ ಯಾರ ಮೇಲೂ ಬಂದಿರಲಿಲ್ಲವಂತೆ. “ಖಂಡಿತ ಇಲ್ಲ,” ಎಂದರು. “ನಿಮ್ಮಲ್ಲಿ ಸೀಸನ್ ಯಾವಾಗ ತೆರೆಯುತ್ತದೆ?”

“ಏಪ್ರಿಲ್ ಮೂವತ್ತು.”

“ಸರ್, ಹೆಡ್ ಆಫೀಸು ಜನವರಿ ಎಂದಿದೆ,” ಎಂದರು ಝುಲೈಖ ಮೇಡಂ, ಆದರೆ ಅಷ್ಟು ಗಟ್ಟಿಯಾಗಿ ಅಲ್ಲ.

“ಹೆಡ್ ಆಫೀಸಿನವರು ಬೇಟೆಗಾರರಲ್ಲ,” ಎಂದರು ಮೆಕ್‌ರೇ ಸಾಹೇಬರು. “ಏಪ್ರಿಲ್ ಮೂವತ್ತು ಎಂದು ಬರೆಯಿರಿ.” ಝುಲೈಖ ಮೇಡಂ ಬರೆದರು.

ಸಂಜೆ ಶೀನಪ್ಪನವರು ಬಾಗಿಲು ತೆರೆದಾಗ ಮನೆ ತುಂಬಿತ್ತು. ಭುಜಂಗ ಇನ್ನೂರು ಕಾರ್ಡುಗಳ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಸೋಫಾದ ನಡುವೆ ಕೂತಿದ್ದರು. ಡೆಲ್ಫಿನ್ ಬಾಯಿ ಕೇಕು ಕತ್ತರಿಸುತ್ತಿದ್ದರು. ಪ್ರಫುಲ್ಲಾ ರೇಷ್ಮೆ ಸೀರೆಯಲ್ಲಿ ಹಾಲುಬಾಯಿ ಬಡಿಸುತ್ತಿದ್ದರು. ಒಳಕೋಣೆಯಿಂದ ಅಕ್ಷಿತಾ ಸೂತ್ರ ಉರುಹೊಡೆಯುವುದು ಕೇಳುತ್ತಿತ್ತು.

“ಎಂತಾಯ್ತು ಭಾವ? ಎಂತ ಕೆಲಸ ಅಂತೆ?” ಎಂದರು ಭುಜಂಗ.

“ಆರಿಸುವ ಕೆಲಸ,” ಎಂದರು ಶೀನಪ್ಪನವರು. ಪ್ರಫುಲ್ಲಾ ಕೊಟ್ಟ ತಟ್ಟೆ ತೆಗೆದುಕೊಂಡು ಕೂತರು. “ನಮ್ಮಲ್ಲಿ ಒಬ್ಬರನ್ನು ತೆಗೀಲಿಕ್ಕುಂಟು. ಯಾರು ಅಂತ ನನ್ನನ್ನೇ ಕೇಳಿದ್ರು.”

“ನೋಡಿದ್ರಾ,” ಎಂದು ಭುಜಂಗ ಎಲ್ಲರ ಕಡೆ ತಿರುಗಿದರು. “ಮ್ಯಾನೇಜರ್ ಅಲ್ಲದವರನ್ನು ಹಾಗೆಲ್ಲ ಕೇಳ್ತಾರಾ?”

ಡೆಲ್ಫಿನ್ ಬಾಯಿಯ ಚಾಕು ನಿಂತಿತು. “ಮೆಲಿಸ್ಸಾನ ಗಂಡ ಅಲ್ಲ ಅಲ್ವಾ? ಅವಳಿಗೆ ದಿನ ಹತ್ತಿರ ಬಂತು.”

“ಅಲ್ಲ. ಲೆಸ್ಟರೂ ಅಲ್ಲ, ಸ್ಟೇಸಿಯೂ ಅಲ್ಲ. ಮುದಿಯ ಒಬ್ಬ.”

“ಅಬ್ಬ,” ಎಂದು ಡೆಲ್ಫಿನ್ ಬಾಯಿ ಮತ್ತೆ ಕತ್ತರಿಸತೊಡಗಿದರು. “ವಯಸ್ಸಾದವರಾದ್ರೆ ಪರವಾಗಿಲ್ಲ. ಊರಿಗೆ ಹೋಗಿ ಆರಾಮ ಇರಬಹುದು.”

ಪ್ರಫುಲ್ಲಾ ಮಾತ್ರ ಸೌಟು ಹಿಡಿದುಕೊಂಡು ನಿಂತೇ ಇದ್ದರು. “ಹಾಗೆ ಹೇಳ್ಬೇಡಿ ಡೆಲ್ಫಿನ್ ಬಾಯಿ. ಅವರಿಗೂ ಮನೆಯಲ್ಲಿ ಒಬ್ಬಳು ಇರ್ತಾಳಲ್ಲ ಕಾಯ್ಕೊಂಡು.” ಗಂಡನ ಕಡೆ ತಿರುಗಿದರು. “ಪಾಪ, ಅವರ ಹೆಂಡತಿಗೆ ಗೊತ್ತುಂಟಾ?”

“ಇನ್ನೂ ಇಲ್ಲ.”

“ಹಾಗಾದ್ರೆ ನೀವೇ ಹೇಳಿ. ಬೇರೆ ಯಾರ್‍ಯಾರ ಬಾಯಿಂದ ಅವಳಿಗೆ ಗೊತ್ತಾಗುದು ಬೇಡ. ಮೆಲ್ಲ ಹೇಳಿ, ಒಂದೇ ಸಲ ಹೇಳ್ಬೇಡಿ.”

ಶೀನಪ್ಪನವರು ಹಾಲುಬಾಯಿಯ ತಟ್ಟೆಯನ್ನು ಕೆಳಗಿಟ್ಟರು. ಸೋಫಾದ ಮೇಲಿದ್ದ ಕಾರ್ಡಿನ ಪೆಟ್ಟಿಗೆಯನ್ನು ಭುಜಂಗರ ಕಡೆಗೆ ಸರಿಸಿ, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಮಾಡಿದರು.

“ಪ್ರಫುಲ್ಲಾ,” ಎಂದರು, “ಸೌಟು ಅಲ್ಲಿಡು. ಬಾ, ಇಲ್ಲಿ ಸ್ವಲ್ಪ ಕೂತ್ಕೋ.”